ಹನ್ನೊಂದು ಊರಿಗೆ ಎರಡನೇ ಸಲ ಕಟ್ಟಿದ ಮೈಕು

ನನ್ನ ಮೊಮ್ಮಗಳು ಚೈತ್ರ ಮೈಕಿನ ಕೆಲಸಕ್ಕೆ ಸೇರಿದ್ದಾಳೆ. ಈ ಒಂದು ಸಾಲು ಬರೆದು, ಪೆನ್ನು ಕೆಳಗಿಟ್ಟು, ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದೆ. ಅಷ್ಟು ಸಂತೋಷ. ಹಾಸನದಲ್ಲಿ ದೊಡ್ಡದೊಂದು ಸಭಾಂಗಣ, ಅದರ ಹಿಂದುಗಡೆ ಊಟದ ಮೇಜಿನಷ್ಟು ಅಗಲದ ಮಿಕ್ಸರ್, ಅದರ ಮುಂದೆ ನಮ್ಮ ಹುಡುಗಿ ಕೂತಿರುವ ಫೋಟೋ ಕಳಿಸಿದ್ದಾಳೆ. ಆ ಫೋಟೋವನ್ನು ಹಾಲಿನವನಿಗೆ ತೋರಿಸಿದೆ, ಬಸ್ಸಿನ ಕಂಡಕ್ಟರಿಗೆ ತೋರಿಸಿದೆ, ಹಸು ನೋಡಲು ಬಂದ ಡಾಕ್ಟರಿಗೂ ತೋರಿಸಿದೆ. ಡಾಕ್ಟರು, ಮೊದಲು ಹಸು ತೋರಿಸಿ ಯಜಮಾನ್ರೆ ಅಂದರು.

ತಾತ, ನೀನು ಮೂವತ್ತು ವರ್ಷ ಮಾಡಿದ ಕೆಲಸ ಇದು, ನನಗೂ ನನ್ನ ಜೊತೆ ಸೇರಿದವರಿಗೂ ಏನಾದರೂ ಬರೆದು ಕೊಡು ಅಂತ ಅವಳೇ ಕೇಳಿದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದು ಅಭ್ಯಾಸ ಇರುವುದು ಪೆಟ್ಟಿಗೆಗಳ ಮೇಲೆ ನನ್ನ ಹೆಸರು ಮಾತ್ರ. ಆದರೂ ಬರೆದೇ ತೀರುತ್ತೇನೆ. ತಪ್ಪಿದ್ದರೆ ಅವಳು ತಿದ್ದಿಕೊಳ್ಳಲಿ.

ನಾನು ಕೆಲಸ ಕಲಿಯುವಾಗ ಮೈಕ್ ಸೆಟ್ ಅಂದರೆ ಎರಡು ಹಾರ್ನು, ಒಂದು ಆಂಪ್ಲಿಫೈಯರು, ಒಂದು ಲಾರಿ ಬ್ಯಾಟರಿ. ಹಾರ್ನನ್ನು ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಮರದ ತುದಿಗೆ ಕಟ್ಟಬೇಕು. ಆ ಮರಕ್ಕೆ ಕೆಳಗಡೆ ಕೊಂಬೆಯೇ ಇರುವುದಿಲ್ಲ, ಏಣಿ ಹೊತ್ತು ಹೋಗಬೇಕು. ಮರ ಹತ್ತುವ ಮೊದಲು ಮೇಲೆ ನೋಡಬೇಕು ಎನ್ನುವುದನ್ನು ನಾನು ಕಲಿತದ್ದು ಆಲೂರು ಕಡೆಯ ಒಂದು ಮದುವೆಯಲ್ಲಿ. ಹೆಜ್ಜೇನು ಕಟ್ಟಿದ್ದ ಮರಕ್ಕೇ ಹಾರ್ನು ಕಟ್ಟಿ, ಇಳಿದು ಬಂದು, ಸುಪ್ರಭಾತದ ಕ್ಯಾಸೆಟ್ಟು ಹಾಕಿದೆ. ಎರಡನೇ ಸಾಲಿಗೆ ಚಪ್ಪರ ಖಾಲಿ. ಮದುವೆ ಗಂಡು ಪಾತ್ರೆ ಕೋಣೆಗೆ ಹೋಗಿ ದೊಡ್ಡ ಕೊಪ್ಪರಿಗೆ ಮಗುಚಿಕೊಂಡು ಅದರೊಳಗೆ ಕೂತಿದ್ದ. ಇವತ್ತಿಗೂ ಆ ಊರಿನವರು ನನ್ನನ್ನು ಜೇನು ಮೈಕಣ್ಣ ಅನ್ನುತ್ತಾರೆ.

ನನಗೆ ಕೆಲಸ ಕಲಿಸಿದ ಯಜಮಾನರು ಮಾತು ಕಡಿಮೆಯ ಮನುಷ್ಯ. ಅವರು ಹೇಳಿಕೊಟ್ಟ ಪಾಠ ಒಂದೇ. ಮೈಕಿನ ಸದ್ದು ಹಾರ್ನಿಗೆ ಹೋಗಿ, ಹಾರ್ನಿನ ಸದ್ದು ತಿರುಗಿ ಮೈಕಿಗೆ ಬಂದರೆ ಕುಂಯ್ ಅಂತ ಒಂದು ಕೂಗು ಹುಟ್ಟುತ್ತದೆ. ಆ ಕೂಗು ಎದ್ದರೆ ಮೈಕಿನವನ ಮಾನ ಹೋಯಿತು ಅಂತ ತಿಳಿ, ಎದ್ದ ತಕ್ಷಣ ಕುತ್ತಿಗೆ ಹಿಸುಕು ಅನ್ನುತ್ತಿದ್ದರು. ಹದಿನೈದು ವರ್ಷ ಹಿಸುಕಿದೆ. ಭಾಷಣದಲ್ಲಿ, ಮದುವೆಯಲ್ಲಿ, ನಾಟಕದಲ್ಲಿ, ಕೂಗು ಹುಟ್ಟುವ ಮೊದಲೇ ನನ್ನ ಹೆಬ್ಬೆರಳು ಗುಂಡಿಯ ಮೇಲೆ ಇರುತ್ತಿತ್ತು.

ಹೀಗಿರುವಾಗ ತೊಂಬತ್ತರ ದಶಕದ ಕೊನೆಯಲ್ಲಿ ಪಲ್ಪರ್ ಗೋಷ್ಠಿಯವರು ನನ್ನನ್ನು ಹುಡುಕಿಕೊಂಡು ಬಂದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮೆಷೀನಿಗೆ ಪಲ್ಪರ್ ಅನ್ನುತ್ತೇವೆ. ಕೊಯ್ಲಿಲ್ಲದ ತಿಂಗಳಲ್ಲಿ ಪಲ್ಪರ್ ಮನೆ ಖಾಲಿ ಇರುತ್ತದಲ್ಲ, ಅಲ್ಲಿ ಇವರ ಅಭ್ಯಾಸ, ಅದಕ್ಕೇ ಆ ಹೆಸರು. ಒಟ್ಟು ಮೂವರು. ಯತೀಶ ಹದಿನೈದು ಎಕರೆ ತೋಟದವರ ಮಗ. ಮಂಗಳೂರಿನಲ್ಲಿ ಕಾಲೇಜು ಓದುವಾಗ ಯಾವುದೋ ದೇಶದ ಕ್ಯಾಸೆಟ್ಟು ಕೇಳಿ ಕರೆಂಟಿನ ಗಿಟಾರು ಹಿಡಿದವನು. ಲೋಕಪ್ಪ ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ ಬರೆಯುವವನು. ಊರೂರಿನ ಕಥೆಯೆಲ್ಲ ಅವನ ಕಿವಿಗೆ ಬೀಳುತ್ತಿತ್ತು, ಅದನ್ನೇ ಹಾಡು ಕಟ್ಟುತ್ತಿದ್ದ. ಅರ್ಧ ಹಾಡುತ್ತಿದ್ದ, ಅರ್ಧ ಮಾತಿನಲ್ಲಿ ಹೇಳುತ್ತಿದ್ದ, ಜಗಲಿಯಲ್ಲಿ ಕೂತು ಸುದ್ದಿ ಹೇಳಿದ ಹಾಗೆ. ಡ್ರಮ್ಮು ಬಾರಿಸುವ ಸುರೇಶ ಗ್ಯಾರೇಜಿನವನು, ಅವನಿಗೆ ಮಾತೇ ಬೇಡ.

ಬಿಸಿಲೆ ಕಡೆಯವನೊಬ್ಬ ಆನೆ ಓಡಿಸಲು ತಗಡು ಬಡಿದೂ ಬಡಿದೂ ಕೊನೆಗೆ ಆನೆಗೆ ಆ ಸದ್ದು ಕೇಳದಿದ್ದರೆ ಬೇಜಾರಾಗುವ ಹಾಗಾದದ್ದು, ಸಂತೆಯಲ್ಲಿ ತನ್ನ ಎತ್ತು ಮಾರಿ ಅದನ್ನೇ ಗುರುತು ಹಿಡಿಯದೆ ತಿರುಗಿ ಕೊಂಡು ತಂದವನದು, ಇಂಥ ಹಾಡುಗಳು. ಲೋಕಪ್ಪನ ಕಥೆಯ ಹಿಂದೆ ಯತೀಶನ ಗಿಟಾರು ಗರಗಸದ ಮಿಲ್ಲಿನ ಹಾಗೆ ಗರ್ಜಿಸುತ್ತಿತ್ತು. ಸಿನಿಮಾ ಹಾಡು ಬಾರಿಸಿ ಅಂತ ಗಣಪತಿ ಪೆಂಡಾಲಿನಲ್ಲಿ ಚೀಟಿ ಮೇಲೆ ಚೀಟಿ ಬರುತ್ತಿತ್ತು. ಒಂದು ಊರಿನ ಸಮಿತಿ ಅಧ್ಯಕ್ಷರಂತೂ ನನ್ನ ಹತ್ತಿರ ಬಂದು, ಪಲ್ಪರ್ ಕೆಟ್ಟೋಗೈತೇನಪ್ಪ, ಗ್ರೀಸ್ ಹಾಕ್ಸಿ ಅಂದರು.

ಮೊದಲ ಕಾರ್ಯಕ್ರಮದಲ್ಲಿ ನನ್ನ ಕೆಲಸ ಹೇಗಿತ್ತು ಅಂದರೆ, ಯತೀಶ ಗಿಟಾರು ಹಿಡಿದು ಬೇಕೆಂದೇ ನನ್ನ ಸ್ಪೀಕರ್ ಪೆಟ್ಟಿಗೆಯ ಬಾಯಿಗೆ ಹೋಗಿ ನಿಂತ. ತಂತಿ ತಾನಾಗಿ ಕೂಗತೊಡಗಿತು. ನಾನು ಹಿಸುಕಿದೆ. ಅವನು ತಿರುಗಿ ನೋಡಿದ. ಬಚಾವಾದೆ ಹೋಗಪ್ಪ ಅಂತ ನಾನು ತಲೆ ಆಡಿಸಿದೆ. ಮತ್ತೆ ಹೋದ, ಮತ್ತೆ ಹಿಸುಕಿದೆ. ಮೂರು ಸಲ ಅವನ ಮಾನ ಉಳಿಸಿ, ಶಹಭಾಸ್ ಅನ್ನುತ್ತಾನೆ ಅಂತ ಕಾದು ಕೂತಿದ್ದೆ.

"ಅಣ್ಣ, ಕೂಗಲಿ ಅಂತಾನೇ ನಾನು ಅಲ್ಲಿಗೆ ಹೋಗಿದ್ದು" ಅಂದ.

"ನಿಂಗೆ ತಲೆ ಕೆಟ್ಟೈತೆ ಮಾರಾಯ" ಅಂದೆ.

ಒಂದು ವಾರ ಪಲ್ಪರ್ ಮನೆಯಲ್ಲಿ ಕೂರಿಸಿ ಅವನು ನನಗೆ ಪಾಠ ಮಾಡಿದ. ಕೂಗಿನಲ್ಲೂ ಎರಡು ಜಾತಿ ಇದೆ. ಮೈಕಿನದು ಹಂದಿಯ ಕೂಗು, ಅದನ್ನು ಈಗಲೂ ಹಿಸುಕಬೇಕು. ತಂತಿಯದು ಬೇರೆ. ಅದು ಒಂದೇ ಸ್ವರ ಹಿಡಿದು ನಿಲ್ಲುತ್ತದೆ. ಗುಂಡಿಯನ್ನು ಒಂದು ಕೂದಲು ಹೆಚ್ಚು ತಿರುಗಿಸಿದರೆ ಕಿರುಚುತ್ತದೆ, ಒಂದು ಕೂದಲು ಕಡಿಮೆಯಾದರೆ ಸಾಯುತ್ತದೆ. ಇವೆರಡರ ನಡುವೆ ಹಿಡಿದುಕೊಂಡು ಕೂರಬೇಕು. ನನ್ನ ಹೆಬ್ಬೆರಳು ಹದಿನೈದು ವರ್ಷದ ಬುದ್ಧಿ ಮರೆತು ಹೊಸದು ಕಲಿಯಬೇಕಾಯಿತು. ಚೈತ್ರ, ನಿಮ್ಮ ಹೊಸ ಮಿಕ್ಸರಿನಲ್ಲಿ ಕೂಗು ಎದ್ದರೆ ಮೆಷೀನೇ ಹುಡುಕಿ ಹಿಸುಕುತ್ತದಂತೆ. ಒಳ್ಳೆಯದೇ. ಆದರೆ ಯಾವ ಕೂಗು ಬೇಕಾದದ್ದು ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಅದು ನಿನ್ನ ಕೆಲಸ.

ಈಗ ನಾನು ಬರೆಯಲೇಬೇಕಾದ ವಿಷಯಕ್ಕೆ ಬರುತ್ತೇನೆ.

ಪಲ್ಪರ್ ಗೋಷ್ಠಿಗೆ ಜನ ಕೂಡಿದ್ದು ಒಂದೇ ಹಾಡಿನಿಂದ. ಅದು ಹಾರಿದ ಡ್ರೈವರನ ಹಾಡು. ಮಾರನಹಳ್ಳಿಯ ಜವರಪ್ಪ ಅನ್ನುವ ಡ್ರೈವರು ಶಿರಾಡಿ ಘಾಟಿಯಲ್ಲಿ ಲಾರಿ ಇಳಿಸುವಾಗ ಬ್ರೇಕು ಹೋಯಿತು. ಪಕ್ಕದಲ್ಲಿ ಕೂತಿದ್ದವನು ಪುಟ್ಟಯ್ಯ, ಹತ್ತು ವರ್ಷದಿಂದ ಅವನ ಲಾರಿಗೇ ಮೂಟೆ ತುಂಬುವವನು, ಸ್ನೇಹಿತ. ಜನ ಓಡಿ ಹೋಗಿ ನೋಡಿದಾಗ ಪುಟ್ಟಯ್ಯ ತಲೆ ಒಡೆದು ರಸ್ತೆ ಪಕ್ಕ ಬಿದ್ದಿದ್ದ, ಲಾರಿ ಬಹಳ ಕೆಳಗೆ, ರಸ್ತೆಗೆಂದು ಗುಡ್ಡ ಕಡಿದ ಬರೆಗೆ ಒರಗಿ ನಿಂತಿತ್ತು, ಜವರಪ್ಪ ಅದರ ಪಕ್ಕ ನಿಂತಿದ್ದ, ಮೈಮೇಲೆ ಒಂದು ಗೀರೂ ಇರಲಿಲ್ಲ. ಪುಟ್ಟಯ್ಯ ಎರಡು ದಿನ ಇದ್ದು ತೀರಿಕೊಂಡ. ಡ್ರೈವರ್ ಮೊದಲೇ ಹಾರಿ ಜೀವ ಉಳಿಸಿಕೊಂಡ, ಲಾರಿಯಲ್ಲಿ ಸ್ನೇಹಿತನನ್ನು ಬಿಟ್ಟ, ಆಮೇಲೆ ಇಳಿದು ಹೋಗಿ ಲಾರಿ ಪಕ್ಕ ನಿಂತ ಅಂತ ಮಾರನಹಳ್ಳಿಯ ಹೋಟೆಲಿನಲ್ಲಿ ಮಾತಾಯಿತು. ಜವರಪ್ಪ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಲೋಕಪ್ಪ ಆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕೇಳಿದ್ದನ್ನೇ ಹಾಡು ಮಾಡಿದ.

ಹಾಡು ಬೆಂಕಿ ಹಾಗಿತ್ತು. "ಹಾರಿದಾ" ಅನ್ನುವ ಮಾತಿಗೆ ಯತೀಶ ಆರೂ ತಂತಿ ಒಟ್ಟಿಗೆ ಬಾರಿಸುತ್ತಿದ್ದ, ಸುರೇಶ ಡ್ರಮ್ಮು ಒಡೆಯುವ ಹಾಗೆ ಹೊಡೆಯುತ್ತಿದ್ದ, ಮುಂದೆ ನಿಂತ ಪಡ್ಡೆ ಹುಡುಗರೆಲ್ಲ ಜಿಗಿಯುತ್ತಿದ್ದರು. ಗೌರಿ ಹಬ್ಬದಿಂದ ಕಾಫಿ ಕೊಯ್ಲು ಶುರುವಾಗುವವರೆಗೆ ಹನ್ನೊಂದು ಊರಲ್ಲಿ ಹಾಡಿದೆವು. ನಾನೂ ಗುಂಡಿ ತಿರುಗಿಸಿ ಖುಷಿಪಟ್ಟೆ. ಆ ಹಾಡಿನವನು ಬದುಕಿದ್ದಾನೆ, ಅವನಿಗೊಂದು ಮನೆ ಇದೆ ಅಂತ ಒಂದು ಸಲವೂ ಅನ್ನಿಸಲಿಲ್ಲ. ನನ್ನ ಕೆಲಸದ ದೊಡ್ಡ ತಪ್ಪು ಜೇನಿನದಲ್ಲ, ಇದು.

ಹನ್ನೊಂದನೇ ಊರು ಹೆಗ್ಗದ್ದೆ. ಹಾಡು ಮುಗಿದ ಮೇಲೆ ಒಬ್ಬ ಹೆಂಗಸು ಸ್ಟೇಜಿಗೆ ಹೋಗದೆ ನೇರ ನನ್ನ ಮೇಜಿನ ಹತ್ತಿರ ಬಂದರು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದ್ದರು.

"ಈ ಪೆಟ್ಟಿಗೆ ನಿಮ್ದಾ?"

"ಹೂಂ ಕಣವ್ವ."

"ಇದ್ರ ಸದ್ದು ಎಲ್ಲಿಗಂಟ ಕೇಳ್ತದೆ?"

ನನಗೆ ಜಂಬ. ಗಾಳಿ ಸರಿ ಇದ್ದರೆ ಆಚೆ ಗುಡ್ಡದಲ್ಲಿ ಕೂಲಿಯವರ ಲೈನ್ ಮನೆಗೂ ಕೇಳುತ್ತೆ ಅಂದೆ.

"ಹಂಗಾದ್ರೆ ನಮ್ಮನೆಯವ್ರು ಹಾರ್ಲಿಲ್ಲ ಅಂತಾನೂ ಅಲ್ಲಿಗಂಟ ಕೇಳಂಗೆ ಹೇಳಿ" ಅಂದರು. "ಹೋಟ್ಲು ಮಾತು ಹೋಟ್ಲಲ್ಲೇ ಇತ್ತು. ಈಗ ನನ್ನ ತವರಿಗೂ ಬಂದು ಮುಟ್ತು. ನಿಮ್ಮ ಪೆಟ್ಟಿಗೇಲಿ ಬಂತು."

ಅವರು ಜವರಪ್ಪನ ಹೆಂಡತಿ ಗೌರಮ್ಮ. ಮೂರು ವರ್ಷದಿಂದ ಯಾವ ಲಾರಿಯವರೂ ಜವರಪ್ಪನ ಕೈಗೆ ಸ್ಟೇರಿಂಗ್ ಕೊಟ್ಟಿರಲಿಲ್ಲ. ಜೊತೆಗಾರನನ್ನು ಬಿಟ್ಟು ಹಾರುವವನ ಪಕ್ಕ ಯಾರು ಕೂರುತ್ತಾರೆ. ಜವರಪ್ಪ ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲಿ ಟೈರು ಬಿಚ್ಚಿಕೊಂಡಿದ್ದರು. ಇಷ್ಟು ಹೇಳಿ ಗೌರಮ್ಮ ಹೋದರು. ಅಳಲಿಲ್ಲ, ಬಯ್ಯಲೂ ಇಲ್ಲ. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ.

ಪಲ್ಪರ್ ಮನೆಯಲ್ಲಿ ಜಗಳವಾಯಿತು. ಹೆಂಡತಿ ಆದವಳು ಹಾಗೇ ಹೇಳುತ್ತಾಳೆ, ಇನ್ನೇನು ಹೇಳುತ್ತಾಳೆ ಅಂತ ಯತೀಶ. ಐದು ಜನರ ಬಾಯಲ್ಲಿ ಕೇಳಿದ್ದೀನಿ ಅಂತ ಲೋಕಪ್ಪ. ಆ ಐದು ಜನ ಲಾರಿಯಲ್ಲಿ ಇದ್ದರಾ ಅಂತ ನಾನು. ಕೊನೆಗೆ ಹೇಳಿದೆ:

"ನಿಜ ಗೊತ್ತಾಗೋಗಂಟ ಆ ಹಾಡಿಗೆ ನಾನು ಮೈಕ್ ಕೊಡಲ್ಲ. ಬೇಕಾದ್ರೆ ಬೇರೆ ಸೆಟ್ ತರ್ಸ್ಕಳಿ."

ಆ ಕೂಗು ಹಿಡಿಯಲು ಬರುವವನು ಸಕಲೇಶಪುರದಲ್ಲಿ ನಾನೊಬ್ಬನೇ ಇದ್ದೆ. ಆ ಧೈರ್ಯ.

ಲಾರಿಯಲ್ಲಿ ಇದ್ದವರು ಇಬ್ಬರು. ಒಬ್ಬರು ಬಾಯಿ ಬಿಡುವುದಿಲ್ಲ, ಇನ್ನೊಬ್ಬ ಇಲ್ಲ. ಆದರೆ ಪುಟ್ಟಯ್ಯ ಆಸ್ಪತ್ರೆಯಲ್ಲಿ ಎರಡು ದಿನ ಇದ್ದನಲ್ಲ, ಪಕ್ಕದಲ್ಲಿ ಯಾರಿದ್ದರು? ಅವನ ಹೆಂಡತಿ ನಿಂಗಮ್ಮ. ಆಲೂರು ತಾಲ್ಲೂಕಿನ ಹಳ್ಳಿ. ಎಲೆ ಅಡಿಕೆ ತೆಗೆದುಕೊಂಡು ನಾನೂ ಲೋಕಪ್ಪನೂ ಬಸ್ಸು ಹತ್ತಿದೆವು.

ನಿಂಗಮ್ಮ ಅಂಗಳದಲ್ಲಿ ಮೊರ ಹಿಡಿದು ಹುರುಳಿ ಕೇರುತ್ತಿದ್ದರು. ಬಂದ ಕಾರಣ ಹೇಳಿದೆವು. ಕೇರುವುದನ್ನು ನಿಲ್ಲಿಸಲಿಲ್ಲ. ಮೊರದಲ್ಲಿದ್ದದ್ದು ಮುಗಿದ ಮೇಲೆ ಮಾತಾಡಿದರು.

"ಅವ್ರು ಹಾರಲಿಲ್ಲ. ನಮ್ಮೆಜಮಾನ್ರಿಗೆ ಹಾರು ಅಂದ್ರು. ಬರೆ ಕಡೀಕೆ ಹಾರು ಪುಟ್ಟಯ್ಯ, ನಾನು ಇದನ್ನ ಹಿಡ್ಕತೀನಿ ಅಂದ್ರಂತೆ. ಇವ್ರು ಹಾರಿದ್ರು, ಕಲ್ಲಿಗೆ ತಲೆ ಬಡೀತು. ಎರಡು ದಿನಾನೂ ಅದನ್ನೇ ಹೇಳ್ತಿದ್ರು."

ಲೋಕಪ್ಪ ತಲೆ ತಗ್ಗಿಸಿದ. ಇಷ್ಟು ದಿನ ಯಾಕಮ್ಮ ಯಾರಿಗೂ ಹೇಳಲಿಲ್ಲ ಅಂತ ನಾನು ಕೇಳಿದೆ.

"ಒಂದು, ಯಾರೂ ಕೇಳ್ಲಿಲ್ಲ." ಮೊರಕ್ಕೆ ಇನ್ನೊಂದು ಬೊಗಸೆ ಹುರುಳಿ ಹಾಕಿಕೊಂಡರು. "ಇನ್ನೊಂದು, ಲಾರೀಲೇ ಕೂತಿದ್ರೆ ಬದುಕ್ತಿದ್ರು. ಹಾರು ಅಂದೋರು ಅವ್ರೇ ತಾನೆ. ಊರು ಅವ್ರನ್ನ ಆಡ್ಕಂಡ್ರೆ ಆಡ್ಕಳ್ಳಿ ಅಂತ ನಾನೂ ಸುಮ್ಕಿದ್ಬುಟ್ಟೆ."

ಅವರೇ ಎದ್ದು ಮಜ್ಜಿಗೆ ತಂದು ಕೊಟ್ಟರು. ಹೊರಡುವಾಗ ಲೋಕಪ್ಪ ಕೈ ಮುಗಿದು, ನಿಜವನ್ನೇ ಹಾಡು ಮಾಡುತ್ತೇನೆ, ಆದರೆ ಮೊದಲು ನಿಮ್ಮ ಮನೆ ಬಾಗಿಲಲ್ಲಿ ಹಾಡುತ್ತೇನೆ, ನೀವು ಬೇಡ ಅಂದರೆ ಅಲ್ಲಿಗೇ ಬಿಡುತ್ತೇನೆ ಅಂದ. ಹತ್ತು ದಿನ ಬಿಟ್ಟು ಹೋಗಿ ಮೈಕಿಲ್ಲದೆ, ಗಿಟಾರಿಲ್ಲದೆ, ಜಗಲಿಯ ಕೆಳಗೆ ನಿಂತು ಹಾಡಿದ. ಹೆದರಿ ಹಾರಿದ ಪುಟ್ಟಯ್ಯ ಅಂತ ಒಂದು ಸಾಲಿತ್ತು. ನಿಂಗಮ್ಮ ಕೈ ಎತ್ತಿ ನಿಲ್ಲಿಸಿದರು.

"ಹೆದರಿ ಅನ್ಬೇಡ. ಸ್ನೇಹಿತನ ಮಾತು ಕೇಳಿ ಹಾರಿದ್ರು ಅನ್ನು."

ಅಲ್ಲೇ ತಿದ್ದಿದ. ಇನ್ನು ಹಾಡಿ ಅಂದರು, ತಾವು ಕೇಳಲು ಬರುವುದಿಲ್ಲ ಅಂದರು. ಬರಲೂ ಇಲ್ಲ. ಅವತ್ತಿನಿಂದ ಪಲ್ಪರ್ ಗೋಷ್ಠಿಗೆ ಒಂದು ಕಟ್ಟಳೆ ಆಯಿತು. ಯಾರ ಕಥೆಯಾದರೂ ಸರಿ, ಮೊದಲು ಅವರ ಬಾಗಿಲಿಗೆ ಎಲೆ ಅಡಿಕೆ ಇಟ್ಟು ಹಾಡಿ ತೋರಿಸಬೇಕು, ಆಮೇಲೆ ಮೈಕು.

ಜವರಪ್ಪನ ಬಾಗಿಲಿಗೆ ಮಾತ್ರ ಹೋಗಲು ಆಗಲಿಲ್ಲ. ಲಾರಿ ಅನ್ನುವ ಮಾತು ಬಂದರೇ ಎದ್ದು ಹೋಗುತ್ತಾರೆ, ಕೇಳುವುದಿಲ್ಲ ಅಂತ ಗೌರಮ್ಮ ಹೇಳಿಕಳಿಸಿದ್ದರು. ಮೊದಲು ಹಾಡಿದ ಹನ್ನೊಂದು ಊರಲ್ಲೂ ನಿಜ ಹಾಡಿ ಮುಗಿಸಿ, ಕೊನೆಗೆ ಮಾರನಹಳ್ಳಿಗೆ ಬನ್ನಿ, ಆಮೇಲೆ ದೇವರಿಟ್ಟಂತಾಗಲಿ ಅಂದರು.

ಹನ್ನೊಂದು ಊರಿಗೂ ಮತ್ತೆ ಹೋಗುವುದು ಅಂತ ನಾನು ಹಟ ಹಿಡಿದೆ. ಈ ಸಲ ಯಾರೂ ಕರೆದಿರಲಿಲ್ಲ. ಕಾಫಿ ಕೊಯ್ಲು ಶುರುವಾಗಿ ಜನರೆಲ್ಲ ತೋಟದಲ್ಲಿದ್ದರು. ಭಾನುವಾರ, ಸಂತೆ ದಿನ, ಮಧ್ಯಾಹ್ನದ ಹೊತ್ತು ಹೋಗುತ್ತಿದ್ದೆವು. ಯತೀಶನ ಜೀಪು, ನನ್ನ ಸೆಟ್ಟು. ನಾನು ಒಂದು ನಿಯಮ ಮಾಡಿಕೊಂಡೆ. ಮೊದಲ ಸಲ ಯಾವ ಮರಕ್ಕೆ ಹಾರ್ನು ಕಟ್ಟಿದ್ದೆನೋ ಅದೇ ಮರ, ಯಾವ ದಿಕ್ಕಿಗೆ ತಿರುಗಿಸಿದ್ದೆನೋ ಅದೇ ದಿಕ್ಕು, ಗುಂಡಿ ಅಷ್ಟೇ. ಸುಳ್ಳು ಎಲ್ಲಿಯವರೆಗೆ ಮುಟ್ಟಿತ್ತೋ ನಿಜವೂ ಅಲ್ಲಿಯವರೆಗೆ ಮುಟ್ಟಬೇಕು. ಒಂದು ಊರಲ್ಲಿ ಆ ಮರವನ್ನೇ ಕಡಿದಿದ್ದರು. ಪಕ್ಕದಲ್ಲಿ ಎರಡು ಏಣಿ ಬಿಗಿದು, ಅಷ್ಟೇ ಎತ್ತರ ಮಾಡಿ ಕಟ್ಟಿದೆ. ಯತೀಶ ನಕ್ಕ. ನಗಲಿ.

ಹೊಸ ಹಾಡಿನಲ್ಲಿ ಹಾರಿದಾ ಅನ್ನುವ ಜಾಗವೇ ಇರಲಿಲ್ಲ, ಯತೀಶನಿಗೆ ಅದೇ ಸಂಕಟ. ಜನ ಜಿಗಿಯುವುದು ಎಲ್ಲಿ? ಆಗ ಅವನೇ ಒಂದು ದಾರಿ ಕಂಡುಕೊಂಡ. ಹಿಡಿದುಕೊಂಡ ಅನ್ನುವ ಮಾತು ಬಂದ ಕೂಡಲೇ ಎಲ್ಲರೂ ನಿಲ್ಲಿಸುವುದು, ಅವನು ಸ್ಪೀಕರಿನ ಬಾಯಿಗೆ ಹೋಗಿ ಒಂದೇ ತಂತಿ ಮೀಟುವುದು, ಆ ಕೂಗು ಬ್ರೇಕಿಲ್ಲದ ಲಾರಿ ಘಾಟಿ ಇಳಿದಷ್ಟು ಹೊತ್ತೂ ನಿಲ್ಲುವುದು. ಗಿಟಾರು ಅವನ ಕೈಯಲ್ಲಿ, ಕೂಗು ನನ್ನ ಹೆಬ್ಬೆರಳಲ್ಲಿ.

ಮೊದಲ ಊರಲ್ಲೇ ಹುಡುಗರು, ಹಳೇದು ಹಾಡ್ರೋ, ಹಾರಿದಾ ಹಾಡ್ರೋ ಅಂತ ಗಲಾಟೆ ಎಬ್ಬಿಸಿದರು. ಲೋಕಪ್ಪ ಮೈಕ್ ಹಿಡಿದ.

"ಹಳೇದು ಸುಳ್ಳು ಕಣ್ರಪ್ಪ. ಇದೇ ಜಾಗದಲ್ಲಿ ನಿಂತು ನಾನೇ ಸುಳ್ಳು ಹೇಳಿದ್ದು. ಅದ್ಕೇ ಬಂದಿದೀನಿ."

ಅರ್ಧ ಜನ ಎದ್ದು ಹೋದರು. ಉಳಿದವರಿಗೆ ಹಾಡಿದೆವು. ಇನ್ನೊಂದು ಊರಲ್ಲಿ ಎದುರಿಗೆ ಆರು ಜನ, ಅದರಲ್ಲಿ ಇಬ್ಬರು ಬಸ್ಸಿಗೆ ಕಾಯುತ್ತಿದ್ದವರು. ಬಸ್ಸು ಬಂದು ಅವರೂ ಹೋದರು. ಹಾಡಿದೆವು. ಯತೀಶ ಅವತ್ತು ದಾರಿಯಲ್ಲಿ, ಸಾಕಣ್ಣ, ಯಾರೂ ಕೇಳೋರಿಲ್ಲ ಅಂದ. ಹಾರ್ನು ಗುಡ್ಡದ ಕಡೆಗಿತ್ತು, ಕೊಯ್ಲಿನವರು ಗಿಡದ ಮರೆಯಲ್ಲಿ ಕೇಳಿರುತ್ತಾರೆ, ನೀನು ಓಡಿಸು ಅಂದೆ. ಕೇಳಿದ್ದರು ಅನ್ನುವುದು ಒಂಬತ್ತನೇ ಊರಿನ ಹೊತ್ತಿಗೆ ಗೊತ್ತಾಯಿತು. ಹಾರ್ನು ಕಟ್ಟುವಾಗ ಒಬ್ಬ ಮುದುಕ ಬಂದು ಏಣಿ ಹಿಡಿದುಕೊಂಡು, ಹಾರದೇ ಇದ್ದೋರ ಹಾಡಿನೋರು ನೀವೇ ಅಲ್ವಾ ಅಂದ. ಏಣಿಯ ಮೇಲೇ ನನಗೆ ಕಣ್ಣು ಮಂಜಾಯಿತು.

ಹೆಗ್ಗದ್ದೆ ಹನ್ನೊಂದನೆಯದು, ಅಲ್ಲೂ ಮುಗಿಯಿತು. ಇನ್ನು ಮಾರನಹಳ್ಳಿ. ಅಲ್ಲಿ ನಾವು ಆ ಹಾಡು ಹಾಡಿಯೇ ಇರಲಿಲ್ಲ, ಆದರೆ ಸುಳ್ಳು ಹುಟ್ಟಿದ್ದು ಅಲ್ಲೇ. ಸಂಜೆ ನಾಲ್ಕು ಗಂಟೆ. ಹೋಟೆಲಿನ ಎದುರು ಜಾಗ ಮಾಡಿಕೊಂಡೆವು. ರಸ್ತೆಯ ಆಚೆಗೆ ಪಂಕ್ಚರ್ ಅಂಗಡಿ. ಜವರಪ್ಪ ಟೈರಿನೊಳಗೆ ಕೈ ಹಾಕಿ ಕೂತಿದ್ದರು, ತೆಳ್ಳಗಿನ ಆಳು. ಗೌರಮ್ಮ ಸ್ವಲ್ಪ ದೂರದಲ್ಲಿ ನಿಂತಿದ್ದರು. ಲಾರಿಯವರು ನಿಂತು ನೋಡತೊಡಗಿದರು.

ಲೋಕಪ್ಪ ಶುರು ಮಾಡಿದ. ಲಾರಿಯ ಮಾತು ಬಂದ ಕೂಡಲೇ ಜವರಪ್ಪ ಎದ್ದರು. ಹೋದರು ಅಂದುಕೊಂಡೆ. ಹೋಗಲಿಲ್ಲ, ನಮಗೆ ಬೆನ್ನು ಮಾಡಿ ನಿಂತರು. ಪುಟ್ಟಯ್ಯನ ಸಾಲು ಬಂತು, ನಿಂಗಮ್ಮ ತಿದ್ದಿದ ಸಾಲು. ಹಿಡಿದುಕೊಂಡ ಅನ್ನುವ ಮಾತಿಗೆ ಯತೀಶ ತಂತಿ ಮೀಟಿದ. ಕೂಗು ಎದ್ದಿತು. ನಾನು ಹಿಡಿದೆ. ಹನ್ನೊಂದು ಊರಿನಲ್ಲಿ ಎಷ್ಟು ಹಿಡಿದಿದ್ದೆನೋ ಅಷ್ಟು ಹಿಡಿದು ಬಿಟ್ಟೆ. ಹಾಡು ಮುಗಿಯಿತು.

ಜವರಪ್ಪ ರಸ್ತೆ ದಾಟಿ ಬಂದರು, ಅವರ ಹೆಂಡತಿಯ ಹಾಗೇ ನೇರ ನನ್ನ ಮೇಜಿಗೆ. ಹೊಡೆಯುತ್ತಾರೆ ಅಂತ ಒಂದು ಕ್ಷಣ ಅನ್ನಿಸಿತು.

"ಆ ಕೂಗು ನೀವು ನಿಲ್ಸಿದ್ದಾ?"

"ಹೂಂ."

"ಸಾಲ್ದು ಕಣಣ್ಣ. ಇನ್ನೂ ಉದ್ದ ಇತ್ತು."

ಎಷ್ಟು ಉದ್ದ ಅಂತ ಕೇಳಿದೆ. ಅವರು ಮೇಜಿನ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. ಬಾರಿಸಿ, ನಾನು ಹೇಳ್ತೀನಿ ಅಂದರು.

ಯತೀಶನಿಗೆ ಸನ್ನೆ ಮಾಡಿದೆ. ತಂತಿ ಕೂಗಿತು. ನನ್ನ ಕಣ್ಣು ಗುಂಡಿಯ ಮೇಲಿರಲಿಲ್ಲ, ಅವರ ಕೈಯ ಮೇಲಿತ್ತು. ಕೈ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಮತ್ತೆ ಎಡಕ್ಕೆ. ಒಂದು ತಿರುವು, ಎರಡು, ಮೂರು. ಹೆಬ್ಬೆರಳು ನೋಯತೊಡಗಿತು, ಕೂಗು ಸಾಯಲು ನೋಡಿತು, ಬಿಡಲಿಲ್ಲ. ಲಾರಿಯವರೆಲ್ಲ ಹತ್ತಿರ ಬಂದರು. ದಿನಾ ಅದೇ ಘಾಟಿ ಇಳಿಯುವವರು, ಆ ಕೈ ಎಲ್ಲೆಲ್ಲಿ ತಿರುಗುತ್ತಿದೆ ಅಂತ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ನಾಲ್ಕು, ಐದು. ಆರನೇ ತಿರುವಿಗೆ ಅವರು ಪೂರ್ತಿ ಮೈ ಒರಗಿಸಿ ಎಡಕ್ಕೆ ಎಳೆದರು. ಮೇಜು ಸರಿದು ಬಂತು. ಆಮೇಲೆ ಕೈ ಬಿಟ್ಟರು. ನಾನೂ ಬಿಟ್ಟೆ.

ಲಾರಿಯವರಲ್ಲಿ ಹಿರಿಯನೊಬ್ಬ ತಲೆಗೆ ಸುತ್ತಿದ್ದ ಟವೆಲ್ಲು ತೆಗೆದು ಅವರ ಕೈಗೆ ಕೊಟ್ಟ. ಮುಖ ಒರೆಸಿಕೊಂಡರು.

ಸಾಮಾನು ಜೀಪಿಗೆ ತುಂಬುವಾಗ ಜವರಪ್ಪ ಯತೀಶನ ಮುಂದೆ ಬಂದು ಕೈ ಚಾಚಿದರು. ಏನು ಅಂತ ಅವನಿಗೆ ಗೊತ್ತಾಗಲಿಲ್ಲ. ಕೀ ಕೊಡೋ ಅಂತ ನಾನೇ ಹೇಳಿದೆ. ಮಾರನಹಳ್ಳಿಯಿಂದ ಸಕಲೇಶಪುರದವರೆಗೆ ಅವರೇ ಓಡಿಸಿದರು. ನಾನು ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ ಹಾರ್ನು ಇಟ್ಟುಕೊಂಡು ಕೂತಿದ್ದೆ.

ಚೈತ್ರ, ನಿನ್ನ ಫೋಟೋದಲ್ಲಿ ನಿನ್ನ ಮುಂದೆ ಐವತ್ತು ಗುಂಡಿ ಕಾಣುತ್ತವೆ. ನನಗೆ ಒಂದೇ ಇತ್ತು. ಹೆಬ್ಬೆರಳು ಅದರ ಮೇಲೆ ಇಟ್ಟಿರು ಮಗಳೇ, ಕಣ್ಣನ್ನು ಮಾತ್ರ ಮೇಲಕ್ಕೆ ಎತ್ತಿ ನೋಡು, ಯಾರ ಕೈ ಇನ್ನೂ ಹಿಡಿದುಕೊಂಡಿದೆ ಅಂತ.